ಸುಮ್ನೆ ಓದುತ್ತೆ ಅಷ್ಟೇ, ಅಲ್ವಾ?

ಹೋದ ಅಕ್ಟೋಬರ್ ಕೊನೆಯ ವಾರ. ಡೊಂಬಿವಲಿಯಿಂದ ಥಾಣೆಗೆ ಹೋಗುವ ಲೋಕಲ್‌ನಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದರಲ್ಲಿ ಫೋನು. ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಹತ್ತಿರ ಬಂದಿತ್ತು. ಸ್ಮರಣ ಸಂಚಿಕೆಗೆ ಜಾಹೀರಾತು ಕೇಳುವ ಕೆಲಸ ಪ್ರತಿ ವರ್ಷ ನನ್ನ ತಲೆಗೇ ಬೀಳುತ್ತದೆ. ಈ ಸಲ ಜಾಣತನ ಮಾಡಿ ಅದನ್ನು, ಹೇಳಿದ ಕೆಲಸವನ್ನು ನಮ್ಮ ಆ್ಯಪ್, ಫೈಲು ತೆರೆದು ತಾನೇ ಮಾಡುವ ಎಐ ಏಜೆಂಟ್‌ಗೆ ವಹಿಸಿದ್ದೆ. 'ಹೋದ ವರ್ಷ ಜಾಹೀರಾತು ಕೊಟ್ಟ ಏಳು ಮಂದಿಗೆ ಬೇರೆ ಬೇರೆ ಪತ್ರ ಬರಿ, ಆತ್ಮೀಯವಾಗಿರಲಿ' ಅಂದಿದ್ದೆ, ಅಷ್ಟೇ.

ಆರು ಪತ್ರ ಚೆನ್ನಾಗಿದ್ದವು. ಏಳನೆಯದು ಮುಲುಂಡ್ ಕಡೆ ಹೋಟೆಲ್ ನಡೆಸುವ ಹಿರಿಯರೊಬ್ಬರಿಗೆ. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುವುದು. ಪತ್ರದ ಎರಡನೇ ಪ್ಯಾರಾ ಹೀಗಿತ್ತು: 'ಮಗನ ಹೋಟೆಲಿನ ಸಾಲದ ಚಿಂತೆಯಲ್ಲಿ ತಾವಿರುವಾಗ ಇನ್ನೊಂದು ಹೊರೆ ಹಾಕಲು ಸಂಕೋಚವಾಗುತ್ತದೆ. ಆದರೂ...'

ಎದೆ ಧಸಕ್ ಅಂದಿತು. ಆ ಸಾಲದ ವಿಷಯ ಅಣ್ಣ ನನಗೊಬ್ಬನಿಗೇ ಹೇಳಿದ್ದು, ಅದೂ ಒಂದು ರಾತ್ರಿ ಗಲ್ಲಾ ಮುಚ್ಚುವ ಹೊತ್ತಿಗೆ. ಮನೆಗೆ ಬಂದು ನೋಟ್ಸ್‌ನಲ್ಲಿ ಎರಡು ಸಾಲು ಬರೆದಿಟ್ಟಿದ್ದೆ. ಮುಂದಿನ ವರ್ಷ ಅವರನ್ನು ಜಾಸ್ತಿ ಒತ್ತಾಯ ಮಾಡಬಾರದು ಅನ್ನುವ ನೆನಪಿಗೆ. ಪತ್ರ ಹೋಗಬೇಕಿದ್ದದ್ದು ಹೋಟೆಲಿನ ವಾಟ್ಸಾಪ್ ನಂಬರಿಗೆ. ಅದನ್ನು ಮೊದಲು ನೋಡುವವನು ಕ್ಯಾಷಿಯರ್.

ಥಾಣೆಯಲ್ಲಿ ಇಳಿದು ಐರೋಲಿ ಗಾಡಿ ಹಿಡಿಯುವ ಮೊದಲು, ಸೇತುವೆ ಮೇಲೆ ನಿಂತು ಆ ಪ್ಯಾರಾ ಅಳಿಸಿದೆ. ಯಾರೂ ನನ್ನ ಫೋನ್ ಹ್ಯಾಕ್ ಮಾಡಿರಲಿಲ್ಲ. ಏಜೆಂಟ್ ಇಲ್ಲದ್ದನ್ನು ಕಟ್ಟಿ ಬರೆದಿರಲೂ ಇಲ್ಲ. ಆತ್ಮೀಯವಾಗಿರಲಿ ಅಂದಿದ್ದೆ, ಅದು ಆತ್ಮೀಯತೆಗೆ ಬೇಕಾದ ಸಾಮಾನು ಹುಡುಕಿ ತಂದಿತ್ತು. ಮಾರ್ಚ್‌ನಲ್ಲಿ ಒಂದು ಸಂಜೆ 'ನಿಮ್ಮ ನೋಟ್ಸ್ ಓದಲು ಅನುಮತಿ ಕೊಡುತ್ತೀರಾ?' ಎಂಬ ಪ್ರಶ್ನೆಗೆ ನಾನೇ ಹೌದು ಒತ್ತಿದ್ದೆ. ಅದರ ಕೆಳಗೆ 'ಬದಲಾಯಿಸುವ ಅನುಮತಿ' ಅಂತ ಇನ್ನೊಂದಿತ್ತು. ಅದನ್ನು ಮಾತ್ರ ಜೋಪಾನವಾಗಿ ಆಫ್ ಮಾಡಿದ್ದೆ. ಬರಿ ಓದೋದು ತಾನೇ, ಅದರಲ್ಲೇನಿದೆ ಅಂದುಕೊಂಡಿದ್ದೆ.

ಈ ಲೆಕ್ಕ ಉಲ್ಟಾ ಆಗಿದೆ ಅಂತ ಈಗ ಅನ್ನಿಸುತ್ತದೆ. ಏಜೆಂಟ್ ಒಂದು ನೋಟ್ ಅಳಿಸಿದರೆ ಕಸದ ಬುಟ್ಟಿಯಿಂದ ವಾಪಸ್ ತರಬಹುದು. ತಿದ್ದಿದರೆ ಹಳೆಯ ಪ್ರತಿ ಎಲ್ಲೋ ಇರುತ್ತದೆ. ಓದಿದ್ದನ್ನು ವಾಪಸ್ ತೆಗೆದುಕೊಳ್ಳುವ ಗುಂಡಿ ಯಾವ ಆ್ಯಪ್‌ನಲ್ಲೂ ಇಲ್ಲ. ತಿದ್ದಿದ ನೋಟ್‌ನಲ್ಲಿ ತಾರೀಕಾದರೂ ಬದಲಾಗುತ್ತದೆ. ಓದಿದ ನೋಟ್ ಇದ್ದ ಹಾಗೇ ಇರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ.

ಮುಂಬೈ ಸುತ್ತಮುತ್ತ ಸೊಸೈಟಿಗಳಲ್ಲಿ ಇರುವವರಿಗೆ ಇದು ಹೊಸದೇನಲ್ಲ. ಗೇಟಿನ ಹತ್ತಿರ ವಾಚ್‌ಮನ್ ಮೇಜಿನ ಮೇಲೆ ಒಂದು ರಿಜಿಸ್ಟರ್ ಇರುತ್ತದೆ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು. ಬರೆಯದೆ ಒಳಗೆ ಬಿಡುವುದಿಲ್ಲ. ಬರೆಯುವುದರ ಮೇಲೆ ಅಷ್ಟು ಕಾವಲು. ಆದರೆ ಬರೆಯಲು ಬಗ್ಗಿದವನಿಗೆ ಬೆಳಗ್ಗಿನಿಂದ ಯಾರ ಮನೆಗೆ ಯಾರು ಬಂದರು, ಅವರ ಮೊಬೈಲ್ ನಂಬರ್ ಏನು, ಎಷ್ಟು ಹೊತ್ತಿಗೆ ಹೊರಟರು, ಎಲ್ಲ ಕಾಣುತ್ತದೆ. ಆ ಓದಿಗೆ ಕಾವಲೇ ಇಲ್ಲ. ನಮ್ಮ ಸೊಸೈಟಿಯಲ್ಲಿ ಕೊರಿಯರ್ ಹುಡುಗನೊಬ್ಬ ಅದರಿಂದಲೇ ನಂಬರ್ ತೆಗೆದು ಯಾರಿಗೋ ಫೋನ್ ಮಾಡಿ ರಂಪವಾದ ಮೇಲೆ, ವಾಚ್‌ಮನ್ ಹಳೆ ಕ್ಯಾಲೆಂಡರಿನ ರಟ್ಟಿನಲ್ಲಿ ಒಂದು ಸಾಲಿನಷ್ಟು ಸೀಳು ಕತ್ತರಿಸಿ ಪುಟದ ಮೇಲೆ ಇಟ್ಟುಕೊಂಡ. ಈಗ ಬಂದವರಿಗೆ ಅವರ ಸಾಲು ಮಾತ್ರ ಕಾಣುತ್ತದೆ.

ಎಐ ಏಜೆಂಟ್‌ಗಳ ಲೋಕದಲ್ಲಿ ಆ ರಟ್ಟು ಇನ್ನೂ ಸರಿಯಾಗಿ ಬಂದಿಲ್ಲ.

ಏಜೆಂಟ್ ನಮ್ಮ ನೋಟ್ಸ್ ತಲುಪುವುದು ಹೇಗೆ? ಈಗ ಜಾಸ್ತಿ ಬಳಕೆಯಲ್ಲಿರುವ ದಾರಿ ಎಂಸಿಪಿ, ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್. ಏಜೆಂಟ್ ಮತ್ತು ಆ್ಯಪ್ ಮಾತಾಡಿಕೊಳ್ಳುವ ನಿಯಮಗಳ ಕಟ್ಟು ಇದು, ಎಐ ಕಂಪನಿ ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದದ್ದು. ಒಂದು ಕಡೆ ಏಜೆಂಟ್, ಇನ್ನೊಂದು ಕಡೆ ನಮ್ಮ ನೋಟ್ಸ್, ಕ್ಯಾಲೆಂಡರ್, ಮೇಲ್. ನಡುವೆ ಸರ್ವರ್ ಎಂಬ ಒಂದು ಪ್ರೋಗ್ರಾಂ ನಿಂತು 'ಹುಡುಕು', 'ತೆರೆ', 'ಬರೆ' ಎಂಬ ಉಪಕರಣಗಳನ್ನು ಕೊಡುತ್ತದೆ. ಉಪಕರಣದ ಮೇಲೆ 'ಇದು ಬರಿ ಓದುವಂಥದ್ದು' ಎಂಬ ಚೀಟಿ ಅಂಟಿಸಲು ಈ ಪ್ರೊಟೊಕಾಲ್‌ನಲ್ಲೇ ವ್ಯವಸ್ಥೆ ಇದೆ. ಆದರೆ ಚೀಟಿ ಬರೆಯುವುದು ಸರ್ವರ್ ಮಾಡಿದವರೇ. ಅದು ಸೂಚನೆ ಮಾತ್ರ, ನಂಬಿಕಸ್ತ ಸರ್ವರ್‌ನಿಂದ ಬಂದಿಲ್ಲದಿದ್ದರೆ ನಂಬಬೇಡಿ ಅಂತ ಪ್ರೊಟೊಕಾಲ್ ಕೂಡ ಹೇಳುತ್ತದೆ. ಇನ್ನು ಕೋಡ್ ಬರೆಯುವ ಏಜೆಂಟ್‌ಗಳನ್ನು ನೋಡಿ. ಫೈಲ್ ತಿದ್ದುವ ಮೊದಲು ಅವು ಕೇಳುತ್ತವೆ. ಕೆಲಸದ ಫೋಲ್ಡರ್‌ನಲ್ಲಿ ಇರುವುದನ್ನು ಓದುವುದಕ್ಕೆ ಸಾಮಾನ್ಯವಾಗಿ ಕೇಳುವುದೇ ಇಲ್ಲ. ಪ್ರತಿ ಓದಿಗೂ ಕೇಳಿದರೆ ನಾವೇ ಬೇಸತ್ತು 'ಎಲ್ಲದಕ್ಕೂ ಸರಿ' ಒತ್ತಿಬಿಡುತ್ತೇವೆ, ಅದೂ ನಿಜ.

ಓದು ಅಂದರೆ ನಿರಪಾಯ ಎಂಬ ಭಾವನೆ ಹಳೆಯದು. 1970ರ ದಶಕದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲೇ ಪ್ರತಿ ಫೈಲಿಗೂ ಓದು, ಬರೆ, ನಡೆಸು ಎಂಬ ಮೂರು ಅನುಮತಿ ಇದ್ದವು. ಆದರೆ ಅವು ಇದ್ದದ್ದು ಒಬ್ಬ ಮನುಷ್ಯನಿಂದ ಇನ್ನೊಬ್ಬನನ್ನು ದೂರ ಇಡಲು. ನಾನೇ ನಡೆಸುವ ಪ್ರೋಗ್ರಾಂಗೆ ನನ್ನ ಎಲ್ಲ ಹಕ್ಕೂ ತಾನಾಗಿ ಸಿಗುತ್ತಿತ್ತು. ಅದರಿಂದ ಅಷ್ಟೇನೂ ತೊಂದರೆ ಇರಲಿಲ್ಲ. ಟೆಕ್ಸ್ಟ್ ಎಡಿಟರ್ ನನ್ನ ಡೈರಿ ಪೂರ್ತಿ ಓದಿ ಪರದೆ ಮೇಲೆ ತೋರಿಸುತ್ತದೆ, ಅಷ್ಟೇ. ಏನು ಓದಿತು ಅಂತ ಅದಕ್ಕೆ ತಿಳಿಯುವುದಿಲ್ಲ, ಯಾರ ಹತ್ತಿರವೂ ಆಡುವುದಿಲ್ಲ. ಏಜೆಂಟ್ ಓದುವುದು ಆಡುವುದಕ್ಕೇ. ಮೇಲ್ ಬರೆಯುತ್ತದೆ, ವೆಬ್‌ನಲ್ಲಿ ಹುಡುಕುತ್ತದೆ, ಫಾರ್ಮ್ ತುಂಬುತ್ತದೆ. ಅಷ್ಟಕ್ಕೂ ಅದರ ತಲೆ, ಅಂದರೆ ಎಐ ಮಾಡೆಲ್, ಇರುವುದು ಸಾಮಾನ್ಯವಾಗಿ ಬೇರೊಂದು ಕಂಪನಿಯ ಸರ್ವರ್‌ನಲ್ಲಿ. ನೋಟ್ಸ್ ನನ್ನ ಲ್ಯಾಪ್‌ಟಾಪ್‌ನಲ್ಲೇ ಇದೆ, ಕ್ಲೌಡ್‌ಗೆ ಹೋಗಿಲ್ಲ ಅಂತ ಹೆಮ್ಮೆ ಪಡುವವರು ಇದನ್ನು ಮರೆಯುತ್ತಾರೆ. ಏಜೆಂಟ್ ಓದಿತು ಅಂದರೆ ಆ ಸಾಲುಗಳು ಅಲ್ಲಿಗೆ ಹೋದವು ಅಂತಲೇ. ಮಾಡೆಲನ್ನೂ ನಮ್ಮ ಯಂತ್ರದಲ್ಲೇ ಓಡಿಸಿದರೆ ಮಾತ್ರ ಈ ಮಾತು ಬೇರೆ.

ಎಷ್ಟು ಓದುತ್ತದೆ ಎಂಬ ಅಂದಾಜು ನನಗೂ ಇರಲಿಲ್ಲ. ಅಣ್ಣನ ಪತ್ರದ ಗಲಾಟೆ ಆದ ಮೇಲೆ ಒಂದು ಭಾನುವಾರ ಕೂತು ಏಜೆಂಟ್ ಬಳಸಿದ ಉಪಕರಣಗಳ ದಾಖಲೆ ತೆಗೆದು ನೋಡಿದೆ. 'ಅಮ್ಮನ ಸಾರಿನ ಪುಡಿ ಅಳತೆ ಹುಡುಕಿ ಕೊಡು' ಅಂತ ಒಮ್ಮೆ ಕೇಳಿದ್ದೆ. ಅದು 'ಅಮ್ಮ' ಎಂಬ ಪದ ಇದ್ದ ನೋಟ್‌ಗಳನ್ನೆಲ್ಲ ತೆರೆದು ಓದಿತ್ತು. ಅಮ್ಮನ ಎಂಆರ್‌ಐ ವರದಿಯ ಸಾರಾಂಶ, ಊರಿನ ಮನೆ ಪಾಲಿನ ಬಗ್ಗೆ ತಮ್ಮನ ಜೊತೆ ಆದ ಜಗಳ, ಅಮ್ಮನ ಬ್ಯಾಂಕ್ ನಾಮಿನಿ ವಿವರ. ಎಲ್ಲ ಓದಿ ಕೊನೆಗೆ ಧನಿಯಾ ಎರಡು ಲೋಟ ಅಂತ ಉತ್ತರ ಕೊಟ್ಟಿತ್ತು. ಉತ್ತರ ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಏನೂ ಅನುಮಾನ ಬಂದಿರಲಿಲ್ಲ.

ನೋಟ್ಸ್ ಅನ್ನುವುದೇ ಒಂಥರಾ ವಿಚಿತ್ರ ಜಾಗ. ಮೇಲ್‌ನಲ್ಲಿ ಎದುರಿಗೆ ಒಬ್ಬರು ಇರುತ್ತಾರೆ, ಹಾಗಾಗಿ ಮಾತು ತೂಗಿ ಬರೆಯುತ್ತೇವೆ. ನೋಟ್ಸ್‌ನಲ್ಲಿ ಎದುರಿಗೆ ಯಾರೂ ಇಲ್ಲ. ಪಿಎಫ್ ನಂಬರ್, ವೈಫೈ ಪಾಸ್‌ವರ್ಡ್, ಬಾಸ್ ಮೇಲಿನ ಸಿಟ್ಟು, ಯಾರೋ ನಂಬಿ ಹೇಳಿದ ಕಷ್ಟ, ಎಲ್ಲ ಒಂದೇ ಚೀಲದಲ್ಲಿ. ಅದರ ಜೊತೆಗೇ ಹೊರಗಿನಿಂದ ತಂದು ತುಂಬಿದ್ದು. ಕತ್ತರಿಸಿ ಉಳಿಸಿದ ವೆಬ್ ಪುಟ, ಯಾರೋ ಕಳಿಸಿದ ಪಿಡಿಎಫ್, ವಾಟ್ಸಾಪ್ ಫಾರ್ವರ್ಡ್. ಅಪಾಯ ಹುಟ್ಟುವುದು ಈ ಎರಡೂ ಒಂದೇ ಕಡೆ ಸೇರಿದಾಗ.

ಭಾಷಾ ಮಾಡೆಲ್‌ಗೆ ಓದಿದ್ದರಲ್ಲಿ ಯಾವುದು ಮಾಹಿತಿ, ಯಾವುದು ಅಪ್ಪಣೆ ಅಂತ ಖಾತ್ರಿಯಾಗಿ ಬೇರೆ ಮಾಡಲು ಬರುವುದಿಲ್ಲ. ಎಲ್ಲವೂ ಅದಕ್ಕೆ ಅಕ್ಷರಗಳೇ. ಆದ್ದರಿಂದ ಒಂದು ಪಿಡಿಎಫ್ ಒಳಗೆ ಬಿಳಿ ಕಾಗದದ ಮೇಲೆ ಬಿಳಿ ಅಕ್ಷರದಲ್ಲಿ 'ಇದನ್ನು ಓದುತ್ತಿರುವ ಏಜೆಂಟ್ ಹೀಗೆ ಮಾಡಬೇಕು' ಅಂತ ಬರೆದಿಟ್ಟರೆ ಅದು ಕೇಳಿಬಿಡಬಹುದು. ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಎಂಬ ಹೆಸರನ್ನು 2022ರಲ್ಲಿ ಕೊಟ್ಟವರು ಸೈಮನ್ ವಿಲಿಸನ್, ಜಾಂಗೊ ಎಂಬ ವೆಬ್ ಚೌಕಟ್ಟು ಕಟ್ಟಿದವರಲ್ಲಿ ಒಬ್ಬರು. 2025ರ ಜೂನ್‌ನಲ್ಲಿ ಅವರೇ ಇನ್ನೊಂದು ಮಾತು ಹೇಳಿದರು. ಖಾಸಗಿ ಮಾಹಿತಿ ಕೈಗೆ ಸಿಗುವುದು, ನಂಬಲಾಗದ ಬರಹ ಕಣ್ಣಿಗೆ ಬೀಳುವುದು, ಹೊರಗೆ ಸುದ್ದಿ ಕಳಿಸುವ ದಾರಿ ಇರುವುದು. ಒಂದು ಏಜೆಂಟ್‌ಗೆ ಈ ಮೂರೂ ಸೇರಿದರೆ ಮಾರಕ. ನೋಟ್ಸ್ ಓದಲು ಕೊಟ್ಟ ಕ್ಷಣ ಮೂರರಲ್ಲಿ ಮೊದಲಿನ ಎರಡನ್ನು ನಾವೇ ಒಟ್ಟಿಗೆ ಕೊಟ್ಟಂತೆ. ಮೂರನೆಯದು ವೆಬ್‌ನಲ್ಲಿ ಹುಡುಕುವ ಉಪಕರಣದ ರೂಪದಲ್ಲಿ ಮೊದಲೇ ಬಂದು ಕೂತಿರುತ್ತದೆ, ಹುಡುಕಲು ಹಾಕಿದ ಪದಗಳೂ ಹೊರಗೇ ಹೋಗುತ್ತವಲ್ಲ.

ಇದು ಬರಿ ಊಹೆಯ ಮಾತಲ್ಲ. 2025ರ ಜೂನ್‌ನಲ್ಲೇ ಎಕೋಲೀಕ್ ಎಂಬ ದೋಷ ಹೊರಬಿತ್ತು. ಮೈಕ್ರೋಸಾಫ್ಟ್ 365 ಕೋಪೈಲಟ್ ಎಂಬ ಆಫೀಸ್ ಕೆಲಸದ ಎಐ ಸಹಾಯಕನಲ್ಲಿ ಅದನ್ನು ಕಂಡುಹಿಡಿದವರು ಏಮ್ ಸೆಕ್ಯೂರಿಟಿ ಎಂಬ ಕಂಪನಿಯವರು. ಒಂದು ಇಮೇಲ್ ಬಂದು ಬಿದ್ದಿದ್ದರೆ ಸಾಕು, ಯಾರೂ ಅದನ್ನು ತೆರೆಯುವುದೂ ಬೇಡ. ಮುಂದೆ ಯಾವಾಗಲೋ ಕೋಪೈಲಟ್ ಬೇರೆ ಏನಕ್ಕೋ ಉತ್ತರ ಹುಡುಕುವಾಗ ಆ ಇಮೇಲನ್ನೂ ಎತ್ತಿಕೊಳ್ಳುತ್ತಿತ್ತು. ಅದರೊಳಗಿನ ಅಪ್ಪಣೆಯಂತೆ ಕಂಪನಿಯ ಗುಟ್ಟನ್ನು ಒಂದು ಚಿತ್ರದ ವೆಬ್ ವಿಳಾಸದೊಳಗೆ ಸೇರಿಸಿ ಹೊರಗೆ ಕಳಿಸುವಂತೆ ಮಾಡಬಹುದಿತ್ತು. ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿತು, ಯಾವ ಗ್ರಾಹಕರಿಗೂ ತೊಂದರೆಯಾಗಿಲ್ಲ ಅಂತಲೂ ಹೇಳಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನೋಷನ್ ತನ್ನ ನೋಟ್ಸ್ ಆ್ಯಪ್‌ನೊಳಗೇ ಏಜೆಂಟ್‌ಗಳನ್ನು ತಂದಿತು. ಕೆಲವೇ ದಿನಗಳಲ್ಲಿ ಸಂಶೋಧಕರು ಒಂದು ಪಿಡಿಎಫ್‌ನಲ್ಲಿ ಬಿಳಿ ಅಕ್ಷರ ಅಡಗಿಸಿ, ಏಜೆಂಟ್ ಖಾಸಗಿ ಪುಟದ ಮಾಹಿತಿಯನ್ನು ವೆಬ್ ಹುಡುಕಾಟದ ನೆಪದಲ್ಲಿ ಹೊರಗೆ ಸಾಗಿಸುವುದನ್ನು ತೋರಿಸಿದರು. ಎರಡರಲ್ಲೂ ಗಮನಿಸಿ. ಏನೂ ಅಳಿಸಿಹೋಗಲಿಲ್ಲ, ಏನೂ ತಿದ್ದಿಹೋಗಲಿಲ್ಲ. ಇಡೀ ಆಟ ಓದಿನದೇ.

ಹಾಗಾದರೆ 'ಖಾಸಗಿ ಅಂತ ಇರುವ ಫೋಲ್ಡರ್ ಓದಬೇಡ' ಅಂತ ಏಜೆಂಟ್‌ಗೆ ಹೇಳಿಬಿಟ್ಟರೆ? ತುಂಬ ಜನ ಹೀಗೇ ಮಾಡುತ್ತಾರೆ. ಸೂಚನೆಯ ಫೈಲಿನಲ್ಲಿ ಒಂದು ಸಾಲು ಬರೆದು ನಿಶ್ಚಿಂತರಾಗುತ್ತಾರೆ. 'ಇಲ್ಲಿ ಗಾಡಿ ನಿಲ್ಲಿಸಬೇಡಿ' ಅಂತ ಕಾಂಪೌಂಡ್ ಮೇಲೆ ಬರೆದ ಹಾಗೆ ಅದು. ಮರ್ಯಾದಸ್ಥರು ನಿಲ್ಲಿಸುವುದಿಲ್ಲ. ಏಜೆಂಟ್ ಕೂಡ ಬಹುಪಾಲು ಮರ್ಯಾದಸ್ಥನೇ. ಆದರೆ ಅದರ ಕಿವಿಯಲ್ಲಿ ಬೇರೆ ಯಾರೋ ಊದಿದ ದಿನ ಆ ಬೋರ್ಡ್ ಉಪಯೋಗಕ್ಕೆ ಬರುವುದಿಲ್ಲ. ಕೆಲವು ಉಪಕರಣಗಳಲ್ಲಿ ಇದಕ್ಕಿಂತ ಗಟ್ಟಿ ವ್ಯವಸ್ಥೆ ಇದೆ, ಇಂಥ ಫೈಲ್ ಮುಟ್ಟಬಾರದು ಅಂತ ಪಟ್ಟಿ ಕೊಡಬಹುದು. ಅಲ್ಲೂ ಒಂದು ಕಿಂಡಿ ಇರುತ್ತದೆ. 'ಫೈಲ್ ಓದು' ಎಂಬ ಉಪಕರಣಕ್ಕೆ ಹಾಕಿದ ತಡೆ, ಆಜ್ಞೆ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಓಡುವ ಎಲ್ಲ ಆಜ್ಞೆಗೂ ಅನ್ವಯಿಸಬೇಕೆಂದಿಲ್ಲ. ಮುಂದಿನ ಬಾಗಿಲಿಗೆ ಬೀಗ ಹಾಕಿ ಹಿತ್ತಿಲು ತೆರೆದಿಟ್ಟ ಹಾಗಾಗುತ್ತದೆ.

ನೋಟ್ಸ್ ಆ್ಯಪ್‌ಗಳಲ್ಲಿ ಬೀಗ ಎಲ್ಲೆಲ್ಲಿದೆ ಅಂತ ಹುಡುಕಿದರೆ ಒಂದೊಂದರದ್ದು ಒಂದೊಂದು ಕತೆ. ನೋಷನ್‌ನಲ್ಲಿ ಹೊರಗಿನ ಪ್ರೋಗ್ರಾಂಗೆ ನಾವೇ ಒಂದು ಜೋಡಣೆ ಮಾಡಿಕೊಂಡರೆ, ನಾವು ಸೇರಿಸಿದ ಪುಟಗಳು ಮಾತ್ರ ಅದಕ್ಕೆ ಕಾಣುತ್ತವೆ. ಒಳ್ಳೆಯದೇ. ಆದರೆ ಒಂದು ಪುಟ ಸೇರಿಸಿದರೆ ಅದರ ಮಕ್ಕಳು ಮೊಮ್ಮಕ್ಕಳು ಎಲ್ಲ ಜೊತೆಗೆ ಬರುತ್ತವೆ. 'ಮನೆ' ಎಂಬ ಪುಟದ ಕೆಳಗೆ ದಿನಸಿ ಪಟ್ಟಿಯೂ ಆಸ್ಪತ್ರೆ ಫೈಲೂ ಇದ್ದರೆ ಕತೆ ಮುಗಿಯಿತು. ಅದೇ ಕಂಪನಿಯ ಎಂಸಿಪಿ ದಾರಿಯಲ್ಲಿ ಹೋದರೆ ನನಗೆ ಕಾಣುವುದೆಲ್ಲ ಏಜೆಂಟ್‌ಗೂ ಕಾಣುತ್ತದೆ. ಅಬ್ಸಿಡಿಯನ್‌ನಲ್ಲಿ ನೋಟ್‌ಗಳು ನಮ್ಮ ಯಂತ್ರದಲ್ಲೇ ಮಾರ್ಕ್‌ಡೌನ್ ಎಂಬ ಸಾದಾ ಅಕ್ಷರದ ಫೈಲುಗಳು. ಫೋಲ್ಡರ್ ಓದಲು ಬಂದರೆ ನೋಟ್ಸ್ ಓದಲು ಬಂತು, ನಡುವೆ ಆ್ಯಪ್ ಬೇಕಾಗಿಯೇ ಇಲ್ಲ. ಆ್ಯಪ್‌ಗೆ ನಾವು ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂಗಳಿಗೆ, ಅಂದರೆ ಪ್ಲಗಿನ್‌ಗಳಿಗೆ, ಇಷ್ಟೇ ಅನುಮತಿ ಅಂತ ಕಟ್ಟುಹಾಕಲು ತನ್ನಿಂದ ಆಗುವುದಿಲ್ಲ ಎಂದು ಅಬ್ಸಿಡಿಯನ್ ತಾನೇ ಬರೆದುಕೊಂಡಿದೆ. ಈ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಆಪಲ್ ನೋಟ್ಸ್‌ನಲ್ಲಿ ಒಂದೊಂದೇ ನೋಟ್‌ಗೆ ಪಾಸ್‌ವರ್ಡ್ ಹಾಕಬಹುದು. ಹಳೆಯ ಕಾಲದ ಉಪಾಯ, ಆದರೂ ಇದ್ದುದರಲ್ಲಿ ನಿಜವಾದ ಬೀಗ.

1973ರ ಸುಮಾರಿಗೆ ಅಮೆರಿಕದ ವಾಯುಪಡೆಗಾಗಿ ಡೇವಿಡ್ ಬೆಲ್ ಮತ್ತು ಲೆನ್ ಲಾಪಡುಲಾ ಎಂಬಿಬ್ಬರು ಕಂಪ್ಯೂಟರಿನಲ್ಲಿರುವ ಗುಟ್ಟು ಕಾಯಲು ಒಂದು ನಿಯಮ ಮಾಡಿದ್ದರು. ನಿನ್ನ ದರ್ಜೆಗಿಂತ ಮೇಲಿನದನ್ನು ಓದಬೇಡ ಎಂಬುದು ಅದರ ಮೊದಲ ಭಾಗ. ಎಲ್ಲರಿಗೂ ತಿಳಿಯುವಂಥದ್ದು. ಎರಡನೆಯದು ಸ್ವಲ್ಪ ವಿಚಿತ್ರ: ಮೇಲಿನದನ್ನು ಓದಿದ ಮೇಲೆ ಕೆಳಗೆ ಬರೆಯಬೇಡ. ಗುಟ್ಟು ತಿಳಿದವನ ಕೈ ಕಟ್ಟಬೇಕು, ಅವನು ಒಳ್ಳೆಯವನೇ ಆದರೂ. ಯಾಕೆಂದರೆ ಅವನ ಹೆಸರಿನಲ್ಲಿ ಓಡುವ ಪ್ರೋಗ್ರಾಂ ಅವನಿಗೇ ಗೊತ್ತಿಲ್ಲದೆ ಗುಟ್ಟನ್ನು ಕೆಳಗೆ ಇಳಿಸಬಹುದು. ಏಜೆಂಟ್‌ಗೆ ಇಷ್ಟು ಸರಿಹೊಂದುವ ಮಾತು ನಾನು ಬೇರೆ ಕಂಡಿಲ್ಲ. ಅಣ್ಣನ ಸಾಲದ ನೋಟ್ ಓದಿದ ಏಜೆಂಟ್‌ಗೆ ಆಮೇಲೆ ಪತ್ರ ಬರೆಯಲು ಬಿಟ್ಟದ್ದೇ ತಪ್ಪು. ಓದಬೇಕಿದ್ದರೆ ಓದಲಿ, ಆ ಸಲ ಹೊರಗಿನವರಿಗೆ ಏನೂ ಬರೆಯುವಂತಿಲ್ಲ. ಬರೆಯಬೇಕಿದ್ದರೆ ಹೊಸದಾಗಿ, ಅದನ್ನು ಓದದೆ ಕೂರಲಿ.

ನಾನು ಮಾಡಿಕೊಂಡ ಏರ್ಪಾಡು ಇದರಿಂದಲೇ ಬಂದದ್ದು. ಉಡುಪಿ ಹೋಟೆಲಿನಲ್ಲಿ ಸಪ್ಲಾಯರ್ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟದ್ದನ್ನು ಎತ್ತಿಕೊಂಡು ಹೋಗುತ್ತಾನೆ. ಉಗ್ರಾಣದ ಬೀಗದ ಕೈ ಅವನ ಹತ್ತಿರ ಇರುವುದಿಲ್ಲ, ಅದಕ್ಕಾಗಿ ಅವನಿಗೆ ಬೇಜಾರೂ ಇಲ್ಲ. ನನ್ನ ನೋಟ್ಸನ್ನೂ ಹಾಗೇ ಮೂರು ಮಾಡಿದೆ. 'ಕಿಟಕಿ' ಎಂಬ ಫೋಲ್ಡರ್‌ನಲ್ಲಿ ಸಂಘದ ಸಭೆಯ ನಡಾವಳಿ, ಅಡುಗೆ, ಪ್ರವಾಸದ ಯೋಚನೆ. ಏಜೆಂಟ್‌ಗೆ ಕಾಣುವುದು ಇದೊಂದೇ. ಸರ್ವರ್‌ಗೆ ಕೊಟ್ಟ ಅನುಮತಿಯಲ್ಲೇ ಈ ಫೋಲ್ಡರ್ ಹೆಸರು ಮಾತ್ರ ಇದೆ. 'ಉಗ್ರಾಣ' ಲ್ಯಾಪ್‌ಟಾಪ್‌ನಲ್ಲಿ ಬೇರೆಯೇ ಲಾಗಿನ್ ಕೆಳಗಿದೆ. ಆಸ್ಪತ್ರೆ, ಬ್ಯಾಂಕ್, ಜನರ ವಿಷಯ ಎಲ್ಲ ಅಲ್ಲಿ. ಏಜೆಂಟ್ ಬೇಕೆಂದರೂ ತೆರೆಯಲು ಆಪರೇಟಿಂಗ್ ಸಿಸ್ಟಂ ಬಿಡುವುದಿಲ್ಲ. ಮೂರನೆಯದು ಹೊರಗಿನಿಂದ ತಂದ ಪಿಡಿಎಫ್, ವೆಬ್ ಪುಟಗಳದ್ದು. ಅದನ್ನು ಓದುವ ಏಜೆಂಟ್ ಬೇರೆ, ಅದಕ್ಕೆ ವೆಬ್ ಉಪಕರಣವೂ ಇಲ್ಲ, ಮೇಲ್ ಕೂಡ ಇಲ್ಲ. ಹಳೆಯ ಸಂಭಾಷಣೆಗಳನ್ನೂ ಅಳಿಸಿದೆ. ಅನುಮತಿ ವಾಪಸ್ ಪಡೆದರೂ ಆಗಲೇ ಓದಿದ ಸಾಲುಗಳು ಅಲ್ಲಿ ಉಳಿದಿರುತ್ತವೆ. ಇದು ನನಗೆ ತಡವಾಗಿ ಹೊಳೆದದ್ದು.

ಪುಣೆಯ ಹಿಂಜವಡಿಯಲ್ಲಿರುವ ಗೆಳೆಯನಿಗೆ ಇದೆಲ್ಲ ಅತಿಯಾಯಿತು ಅನ್ನಿಸಿದೆ. 'ಎಲ್ಲ ಓದಿದರೇ ಅಲ್ವಾ ಮಾರಾಯ ಅದು ಉಪಯೋಗಕ್ಕೆ ಬರೋದು? ಅರ್ಧ ಕಣ್ಣು ಕಟ್ಟಿ ಕೆಲಸ ಮಾಡು ಅಂದ್ರೆ ಹೇಗೆ?' ಅಂತಾನೆ. ಅವನ ಮಾತಿನಲ್ಲೂ ಅರ್ಧ ಸತ್ಯ ಇದೆ. ಈಗ ನನ್ನ ಏಜೆಂಟ್ ಮೊದಲಿನಷ್ಟು ಚುರುಕಿಲ್ಲ. ಡಾಕ್ಟರ್ ಅಪಾಯಿಂಟ್‌ಮೆಂಟ್‌ಗೂ ರಜೆಗೂ ಹೊಂದಿಸು ಅಂದರೆ ಯಾವ ಡಾಕ್ಟರ್ ಅಂತ ಕೇಳುತ್ತದೆ. ವಾರಕ್ಕೆ ಎರಡು ಮೂರು ಸಲ ನಾನೇ ಉಗ್ರಾಣಕ್ಕೆ ಹೋಗಿ ಬೇಕಾದ ಎರಡು ಸಾಲು ತಂದು ಕಿಟಕಿಯಲ್ಲಿ ಇಡುತ್ತೇನೆ. ಬೇಸರದ ಕೆಲಸ. ಆದರೆ ಹಾಗೆ ತರುವಾಗ, ಇದು ಹೊರಗೆ ಹೋದರೆ ಪರವಾಗಿಲ್ಲವಾ ಅಂತ ಒಂದು ಕ್ಷಣ ಯೋಚಿಸುತ್ತೇನೆ. ಮಾರ್ಚ್‌ನ ಆ ಒಂದು 'ಹೌದು'ನಲ್ಲಿ ಅಂಥ ನೂರಾರು ಯೋಚನೆಗಳನ್ನು ಒಟ್ಟಿಗೇ ಬಿಟ್ಟುಬಿಟ್ಟಿದ್ದೆ.

ಕಾನೂನಿನಿಂದ ಇಲ್ಲಿ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಹೇಳಿತು. ಆ ಕೇಸು ಹಾಕಿದ ಕೆ. ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಮುಖ್ಯ ಭಾಗಗಳು ಜಾರಿಯಾಗಲು 18 ತಿಂಗಳ ಅವಧಿ ಇಟ್ಟಿದ್ದಾರೆ. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತದ ಅಥವಾ ಮನೆಯ ಕೆಲಸಕ್ಕೆ ಇಟ್ಟುಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಅಣ್ಣನ ಸಾಲದ ಬಗ್ಗೆ ನನ್ನ ನೋಟ್ಸ್‌ನಲ್ಲಿ ಇರುವ ಎರಡು ಸಾಲಿಗೆ ಕಾವಲು ನಾನೇ.

ನಾನೊಬ್ಬನೇ ಕಾವಲಿದ್ದರೆ ಸಾಕಾಗುವುದಿಲ್ಲ ಅನ್ನುವುದೂ ಈಚೆಗೆ ಗೊತ್ತಾಯಿತು. ಸಂಘದ ದಾನಿಗಳ ಪಟ್ಟಿ ಒಂದು ಶೀಟ್‌ನಲ್ಲಿದೆ, ಕಮಿಟಿಯ ಹನ್ನೊಂದು ಮಂದಿಗೂ ಅದು ತೆರೆದಿದೆ. ಅದರಲ್ಲಿ 'ಷರಾ' ಎಂಬ ಕಾಲಂ ಇತ್ತು. 'ಈ ವರ್ಷ ಕೇಳಬೇಡಿ', 'ಮನೆಯಲ್ಲಿ ಸೂತಕ', 'ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ, ಇಬ್ಬರಿಗೂ ಬೇರೆ ಬೇರೆ ಪತ್ರ', ಇಂಥವೇ. ಹನ್ನೊಂದರಲ್ಲಿ ಐವರು ತಮ್ಮ ಫೋನಿಗೆ ಒಂದಲ್ಲ ಒಂದು ಏಜೆಂಟ್ ಜೋಡಿಸಿಕೊಂಡಿದ್ದಾರೆ. ನನ್ನ ಕಿಟಕಿ, ಉಗ್ರಾಣ ಎಲ್ಲ ಕಟ್ಟಿಕೊಂಡು ಏನು ಬಂತು, ಅವರ ಏಜೆಂಟ್ ಓದುವುದೂ ಅದೇ ಶೀಟನ್ನೇ. ಹೋದ ಸಭೆಯಲ್ಲಿ ವಿಷಯ ಎತ್ತಿದೆ. 'ಹಾಗಾದ್ರೆ ಪತ್ರ ಯಾರು ಬರೀತಾರೆ?' ಅಂತ ಕಾರ್ಯದರ್ಶಿ ಕೇಳಿದರು. ಸುಮಾರು ಹೊತ್ತು ಮಾತಾಯಿತು, ಚಹಾ ಎರಡು ಸಲ ಬಂತು. ಕೊನೆಗೆ ಹೆಸರು, ಮೊತ್ತ, ನಂಬರ್ ಶೀಟ್‌ನಲ್ಲಿ ಇರಲಿ, ಷರಾ ಕಾಲಂ ತೆಗೆಯೋಣ ಅಂತಾಯಿತು. ಅಲ್ಲಿದ್ದ ಮಾತುಗಳನ್ನು ಖಜಾಂಚಿಯವರು ತಮ್ಮ ಕೆಂಪು ರಟ್ಟಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಿಗೆ ಪೆನ್ಸಿಲ್‌ನಲ್ಲಿ ಇಳಿಸಿಕೊಂಡರು. ಶೀಟ್‌ನ ಹಳೆಯ ಆವೃತ್ತಿಗಳಲ್ಲಿ ಆ ಕಾಲಂ ಇನ್ನೂ ಉಳಿದಿದೆ ಅಂತ ಮನೆಗೆ ಬಂದ ಮೇಲೆ ನನಗೆ ನೆನಪಾಯಿತು. ಬರುವ ಭಾನುವಾರ ಹೊಸ ಶೀಟ್ ಮಾಡಿ, ಹಳೆಯದನ್ನು ಪೂರ್ತಿ ತೆಗೆಯಬೇಕು.